ವಿಗ್ ಹಾಕಿದ್ದು ಗೊತ್ತಾಗ್ತಿದೆಯಾ? ದೋಷ ಎಲ್ಲಿದೆ ಅಂತ ಹುಡುಕುವ ಬಗೆ

ವಿಗ್, ಟಾಪರ್ (ನೆತ್ತಿಯ ಭಾಗವನ್ನಷ್ಟೇ ಮುಚ್ಚುವ, ಕ್ಲಿಪ್ ಹಾಕುವ ಕೂದಲು), ಹೇರ್ ಪ್ಯಾಚ್ (ಬೋಳಾದ ಜಾಗಕ್ಕೆ ಅಂಟಿಸುವ ಕೂದಲು) ಕೂರಿಸುವುದು ನನ್ನ ಕೆಲಸ. ಇವಕ್ಕೆಲ್ಲ ನಾವು ಪೀಸು ಅನ್ನುತ್ತೇವೆ. ಬರುವವರಲ್ಲಿ ಹೆಚ್ಚಿನವರು ಹೇಳುವುದು ಇಷ್ಟೇ: "ಏನೋ ಸರಿ ಕಾಣ್ತಿಲ್ಲ, ಆದ್ರೆ ಏನು ಅಂತ ಹೇಳೋಕೆ ಬರ್ತಿಲ್ಲ." ಅಷ್ಟರಲ್ಲಾಗಲೇ ಎಷ್ಟೋ ಜನ ಮನೆಯಲ್ಲಿ ಕತ್ತರಿ ಆಡಿಸಿರುತ್ತಾರೆ. ನಮ್ಮ ತಲೆಯ ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ. ವಿಗ್ಗಿನ ಕೂದಲು ಕತ್ತರಿಸಿದರೆ ಕತ್ತರಿಸಿದ್ದೇ.

ಹಾಗಾಗಿ ಇಲ್ಲಿನ ಕ್ರಮ ಹೀಗಿದೆ. ಮೊದಲು ಕೂರಿಸಿದ ಜಾಗ ಬದಲಿಸಿ ನೋಡಿ. ಆಮೇಲೆ ತೊಳೆದು ನೋಡಿ. ಆಮೇಲೆ ಪೌಡರ್, ಬಾಚಣಿಗೆ, ಬಿಸಿ. ಕತ್ತರಿ ಕೊನೆಗೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಇಲ್ಲದಿದ್ದರೆ ಯಾವುದರಿಂದ ಸರಿಹೋಯ್ತು, ಯಾವುದರಿಂದ ಕೆಟ್ಟಿತು ಅಂತ ತಿಳಿಯುವುದಿಲ್ಲ.

ಮುಟ್ಟುವ ಮೊದಲು ನೋಡಿ

ಸ್ಟ್ಯಾಂಡಿನ ಮೇಲಿಟ್ಟು ಪರೀಕ್ಷೆ ಮಾಡಬೇಡಿ. ಸ್ಟ್ಯಾಂಡಿಗೆ ಹಣೆಯಿಲ್ಲ, ಬೆವರಿಲ್ಲ. ಹಾಕಿಕೊಂಡು ಒಂದು ಗಂಟೆ ಮನೆಯಲ್ಲಿ ಓಡಾಡಿ. ಬಗ್ಗಿ, ಏಳಿ, ಕೆಲಸ ಮಾಡಿ. ಆಮೇಲೆ ಮನೆಯವರ ಕೈಲಿ ಫೋಟೊ ತೆಗೆಸಿ. ಎದುರಿನಿಂದ, ಎರಡೂ ಪಕ್ಕದಿಂದ, ಹಿಂದಿನಿಂದ, ನೆತ್ತಿಯ ಮೇಲಿನಿಂದ. ಒಂದು ಸೆಟ್ ಕಿಟಕಿ ಪಕ್ಕದ ಹಗಲು ಬೆಳಕಿನಲ್ಲಿ, ಒಂದು ಬಿಸಿಲಿನಲ್ಲಿ, ಒಂದು ಟ್ಯೂಬ್‌ಲೈಟ್ ಕೆಳಗೆ, ಒಂದು ಫ್ಲ್ಯಾಶ್ ಹಾಕಿ. ಹತ್ತಿರದಿಂದಲೂ ಬೇಕು, ನಾಲ್ಕೈದು ಮೀಟರ್ ದೂರದಿಂದಲೂ ಬೇಕು.

ಈ ಫೋಟೊಗಳೇ ದೋಷ ಎಲ್ಲಿದೆ ಅಂತ ತೋರಿಸಿಬಿಡುತ್ತವೆ:

- ದೂರದಿಂದಲೇ ಏನೋ ಸರಿ ಇಲ್ಲ ಅನಿಸಿದರೆ ಆಕಾರದ್ದು ಅಥವಾ ದಪ್ಪದ್ದು.
- ದೂರದಿಂದ ಚೆನ್ನಾಗಿದ್ದು ಹತ್ತಿರ ಬಂದಾಗ ಗೊತ್ತಾದರೆ ಬೈತಲೆಯದ್ದು ಅಥವಾ ಹಣೆಯಂಚಿನದ್ದು.
- ಒಳಗೆ ಸರಿ ಇದ್ದು ಬಿಸಿಲಿನಲ್ಲಿ ಬೇರೆಯಾಗಿ ಕಂಡರೆ ಬಣ್ಣದ್ದು.
- ಫ್ಲ್ಯಾಶ್‌ನಲ್ಲಿ ಮಾತ್ರ ಕಂಡರೆ ಹೊಳಪಿನದ್ದು.
- ನಿಂತಾಗ ಸರಿ ಇದ್ದು ತಲೆ ಅಲ್ಲಾಡಿಸಿದಾಗ ಗೊತ್ತಾದರೆ ಕೂರಿಸಿದ್ದರಲ್ಲಿ ತಪ್ಪಿದೆ.

ಕನ್ನಡಿಗೆ ಮೂಗು ತಾಗಿಸಿ ನೋಡಿದಾಗ ಮಾತ್ರ ಕಾಣುವುದನ್ನು ದೋಷ ಅಂತ ಲೆಕ್ಕ ಹಿಡಿಯಬೇಡಿ. ಅಷ್ಟು ಹತ್ತಿರ ನಿಂತು ನಿಮ್ಮ ತಲೆ ನೋಡುವವರು ಯಾರೂ ಇಲ್ಲ. ಕೀಮೋಥೆರಪಿಯಿಂದಲೋ ಥೈರಾಯ್ಡ್ ತೊಂದರೆಯಿಂದಲೋ ಕೂದಲು ಕಳೆದುಕೊಂಡವರಿಗೆ ಈ ಮಾತನ್ನು ಒತ್ತಿ ಹೇಳಬೇಕು. ಮೊದಲ ವಾರಗಳಲ್ಲಿ ಅವರ ಕಣ್ಣಿಗೆ ಇಲ್ಲದ ದೋಷವೂ ಕಾಣಿಸುತ್ತದೆ.

ಇನ್ನೊಂದು ವಿಷಯ ಮೊದಲೇ ಖಚಿತವಾಗಿರಲಿ: ಕೂದಲು ಅಸಲಿಯೋ ಸಿಂಥೆಟಿಕ್ಕೋ? ಒಳಭಾಗದಿಂದ ಒಂದೇ ಒಂದು ಎಳೆ ತೆಗೆದು, ಸ್ಟೀಲ್ ತಟ್ಟೆಯ ಮೇಲಿಟ್ಟು ಬೆಂಕಿ ತಾಗಿಸಿ. ಅಸಲಿಯಾದರೆ ಕೂದಲು ಸುಟ್ಟ ವಾಸನೆ ಬಂದು, ಉಜ್ಜಿದರೆ ಬೂದಿಯಾಗುತ್ತದೆ. ಸಿಂಥೆಟಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಎರಡೂ ಬೆರೆಸಿದ ಮಾಲೂ ಸಿಗುತ್ತದೆ, ಅದಕ್ಕೇ ಎರಡು ಮೂರು ಕಡೆಯಿಂದ ಒಂದೊಂದು ಎಳೆ ತೆಗೆದು ನೋಡಿ. ಸಾಮಾನ್ಯ ಸಿಂಥೆಟಿಕ್‌ಗೆ ಸ್ಟ್ರೇಟ್ನರ್ ಹಚ್ಚಿದರೆ ಎಳೆಗಳು ಅಲ್ಲೇ ಸುಟ್ಟು ಸುರುಟಿಕೊಳ್ಳುತ್ತವೆ, ಮತ್ತೆ ಸರಿಯಾಗುವುದಿಲ್ಲ. ಬಿಸಿ ತಡೆಯುವ ಸಿಂಥೆಟಿಕ್ ಬೇರೆ ಇದೆ. ಅದಕ್ಕೆ ಎಷ್ಟು ಡಿಗ್ರಿ ಅಂತ ಲೇಬಲ್‌ನಲ್ಲಿ ಬರೆದಿರುತ್ತದೆ, ಅದನ್ನು ದಾಟಬೇಡಿ. ಅಸಲಿ ಕೂದಲಿಗೂ 150 ಡಿಗ್ರಿ ಸೆಲ್ಸಿಯಸ್ ಆಸುಪಾಸು ಸಾಕು.

ಟೋಪಿ ಇಟ್ಟ ಹಾಗೆ ಎತ್ತರ ಕಾಣುತ್ತದೆ

ದೂರದ ಫೋಟೊದಲ್ಲಿ ಕಾಣುವ ದೋಷಗಳಲ್ಲಿ ಇದೇ ಜಾಸ್ತಿ. ಅಂಗೈಯಿಂದ ನೆತ್ತಿಯನ್ನು ಮೆಲ್ಲಗೆ ಒತ್ತಿ ನೋಡಿ.

ಒತ್ತಿದಾಗ ಕೆಳಗೆ ಉಂಡೆಯೋ ದಿಂಡೋ ಕೈಗೆ ಸಿಕ್ಕರೆ ಅದು ನಿಮ್ಮದೇ ಕೂದಲು. ಒಳಗೆ ತುರುಬು ಕಟ್ಟಿ ಮೇಲೆ ವಿಗ್ ಹಾಕಿದರೆ ಹಾಗಾಗುತ್ತದೆ. ಕೂದಲನ್ನು ಹೆಡತಲೆಯ ಕಡೆಗೆ ಎರಡು ತೆಳು ಜಡೆ ಹೆಣೆದು, ಚಪ್ಪಟೆಯಾಗಿ ಅಡ್ಡ ಮಡಚಿ ಪಿನ್ ಮಾಡಿ. ನೆತ್ತಿಯ ಮೇಲೆ ಏನೂ ಇರಬಾರದು.

ಒತ್ತಿದಾಗ ಇಡೀ ವಿಗ್ಗೇ ಹಿಂದೆ ಮುಂದೆ ಜಾರಿದರೆ ಸೈಜ್ ತಪ್ಪಿದೆ. ಹಣೆಯ ಕೂದಲಂಚು, ಕಿವಿಯ ಮೇಲ್ಭಾಗ, ಹೆಡತಲೆ ಸುತ್ತಿ ಟೇಪ್ ಹಿಡಿದು ಅಳೆಯಿರಿ. ರೆಡಿಮೇಡ್ ವಿಗ್ಗಿನ ಕ್ಯಾಪ್‌ಗಳಲ್ಲಿ (ಕೂದಲು ಹೊಲಿದ ಒಳಗಿನ ಟೋಪಿ) ಸಾಧಾರಣ ಸೈಜ್ ಅಂದರೆ 54ರಿಂದ 57 ಸೆಂ.ಮೀ. ಕೀಮೋ ಶುರುವಾಗುವ ಮೊದಲು ಕೂದಲಿದ್ದಾಗಲೇ ಅಳತೆ ಕೊಟ್ಟು ಕೊಂಡವರಿಗೆ, ಕೂದಲು ಉದುರಿದ ಮೇಲೆ ಅದೇ ವಿಗ್ ಸಡಿಲವಾಗುತ್ತದೆ. ಹಿಂಭಾಗದ ಒಳಗೆ ಎರಡು ಪಟ್ಟಿ ಇರುತ್ತವೆ, ಅವನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಳಗೆ ತೆಳು ಹತ್ತಿ ಟೋಪಿ ಹಾಕಿದರೆ ಜಾರುವುದೂ ಕಡಿಮೆ, ಚುಚ್ಚುವುದೂ ಕಡಿಮೆ.

ಒತ್ತಿದಾಗ ಕುಗ್ಗಿ, ಕೈ ತೆಗೆದ ಕೂಡಲೇ ಮತ್ತೆ ಎದ್ದರೆ ಬುಡ ನೋಡಿ. ಮೆಷಿನ್‌ನಲ್ಲಿ ಹೊಲಿದ ಸಿಂಥೆಟಿಕ್ ವಿಗ್ಗುಗಳಲ್ಲಿ ಬುಡದಲ್ಲಿ ಸುಕ್ಕುಸುಕ್ಕಾದ ಗಿಡ್ಡ ಎಳೆಗಳನ್ನು ಬೇಕೆಂದೇ ಇಟ್ಟಿರುತ್ತಾರೆ. ಮೇಲಿನ ಕೂದಲಿಗೆ ಅವೇ ಆಧಾರ, ಕೆಳಗಿನ ಹೊಲಿಗೆಯನ್ನು ಮುಚ್ಚುವುದೂ ಅವೇ. ಅವನ್ನು ಪೂರ್ತಿ ಕತ್ತರಿಸಿದರೆ ಹೊಲಿಗೆ ಹೊರಗೆ ಕಾಣುತ್ತದೆ. ಬಿಸಿ ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಟವೆಲನ್ನು ನೆತ್ತಿಯ ಮೇಲೆ ಒತ್ತಿ ಹಿಡಿದು, ಆರುವ ತನಕ ಹತ್ತಿ ಬಟ್ಟೆಯಿಂದ ಬಿಗಿಯಾಗಿ ಕಟ್ಟಿಡಿ. ಬಹಳಷ್ಟು ತಗ್ಗುತ್ತದೆ. ಕುದಿಯುವ ನೀರು ಬೇಡ.

ಈ ಮೂರೂ ಅಲ್ಲ ಅಂದರೆ ಕೂದಲೇ ಜಾಸ್ತಿ ಇದೆ. ಕಾಲ ಕಳೆದಂತೆ ನನಗೆ ಗಟ್ಟಿಯಾದ ನಂಬಿಕೆ ಇದು: ವಿಗ್ ಅಂತ ಗೊತ್ತಾಗುವುದು ಕೂದಲು ಕಡಿಮೆಯಾಗಿದ್ದಕ್ಕಲ್ಲ, ಅತಿಯಾಗಿದ್ದಕ್ಕೆ. ಅಂಗಡಿಯಲ್ಲಿ 130%, 150%, 180% ಅಂತ ದಟ್ಟಣೆ ಹೇಳುತ್ತಾರೆ, ಅಂಕಿ ಹೆಚ್ಚಿದಷ್ಟೂ ಕೂದಲು ದಟ್ಟ. ಐವತ್ತರ ಹೆಂಗಸಿಗೆ 150% ಕೂರಿಸಿದರೆ ಮುಖ ಸಣ್ಣದಾಗಿ, ತಲೆ ದೊಡ್ಡದಾಗಿ ಕಾಣುತ್ತದೆ. ದುಡ್ಡು ಕೊಟ್ಟು ತಂದ ಕೂದಲನ್ನು ತೆಗೆಯೋಕೆ ಮನಸ್ಸು ಬರುವುದಿಲ್ಲ, ನಿಜ. ಆದರೂ ತೆಗೆಯಬೇಕು. ಯಾರ ತಲೆಯನ್ನಾದರೂ ಗಮನಿಸಿ: ಹಣೆಯಂಚಿನಲ್ಲಿ ಕೂದಲು ವಿರಳ, ಹಿಂದೆ ಹೋದಂತೆ ದಟ್ಟ. ವಿಗ್ಗಿನಲ್ಲೂ ಹಾಗೇ ಇರಬೇಕು.

ತೆಳು ಮಾಡುವಾಗ ಮೇಲಿನ ಪದರವನ್ನು ಎತ್ತಿ ಕ್ಲಿಪ್ ಹಾಕಿ, ಅದನ್ನು ಮುಟ್ಟಬೇಡಿ. ಒಳಗಿನ ಪದರದಲ್ಲಿ, ಬುಡದಿಂದ 3-4 ಸೆಂ.ಮೀ. ಬಿಟ್ಟು, ಹಲ್ಲಿರುವ ಥಿನ್ನಿಂಗ್ ಕತ್ತರಿಯನ್ನು ಒಂದು ಸಲ ಮುಚ್ಚಿ. ಬಾಚಿ, ಮೇಲಿನ ಪದರ ಇಳಿಬಿಟ್ಟು ನೋಡಿ, ಬೇಕಿದ್ದರೆ ಪಕ್ಕಕ್ಕೆ ಸರಿಯಿರಿ. ಬುಡಕ್ಕೆ ಹತ್ತಿರ ಕತ್ತರಿಸಿದರೆ ಮೊಂಡು ಎಳೆಗಳು ನೆಟ್ಟಗೆ ನಿಂತು ಮೇಲಿನ ಕೂದಲನ್ನೇ ಎತ್ತುತ್ತವೆ. ಇದ್ದ ದೋಷವೇ ಜಾಸ್ತಿಯಾಗುತ್ತದೆ. ಹಿಂಭಾಗದಲ್ಲಿ ಕೂದಲನ್ನು ಪಟ್ಟಿಪಟ್ಟಿಯಾಗಿ ಹೊಲಿದಿದ್ದರೆ, ಒಂದು ಬಿಟ್ಟು ಒಂದು ಕೂದಲ ಪಟ್ಟಿ ಬಿಚ್ಚಿಸುವುದು ಕತ್ತರಿಗಿಂತ ಒಳ್ಳೆಯ ದಾರಿ. ಬಿಚ್ಚಿದ ಪಟ್ಟಿ ಎತ್ತಿಟ್ಟರೆ ಮುಂದೆ ರಿಪೇರಿಗೂ ಬರುತ್ತದೆ.

ಬೈತಲೆ ಗುಟ್ಟು ಬಿಟ್ಟುಕೊಡುತ್ತದೆ

ಬೈತಲೆ ತೆಗೆದು ಬಾಚುವುದು ನಮ್ಮಲ್ಲಿ ಜಾಸ್ತಿ. ಎದುರಿಗಿರುವವರ ಕಣ್ಣು ಮೊದಲು ಹೋಗುವುದೂ ಅಲ್ಲಿಗೇ.

ಬೈತಲೆ ತೀರಾ ಬೆಳ್ಳಗೆ ಕಂಡರೆ ಲೇಸ್, ಅಂದರೆ ಕೂದಲು ಕೂರಿಸಿದ ತೆಳು ಜಾಲರಿಯ ಬಣ್ಣ ನಿಮ್ಮ ನೆತ್ತಿಗೆ ಹೊಂದಿಲ್ಲ. ತುಂಬಾ ಪೀಸುಗಳು ತಿಳಿ ಬಣ್ಣದ ಬೇಸ್‌ನಲ್ಲೇ (ಕೂದಲು ಕೂರಿಸುವ ತಳ) ಬರುತ್ತವೆ, ನಮ್ಮ ಮೈಬಣ್ಣಕ್ಕೆ ಅದು ಎದ್ದು ಕಾಣುತ್ತದೆ. ಹಣೆಗೆ ಹೊಂದುವ ಕಾಂಪ್ಯಾಕ್ಟ್ ಪೌಡರ್ ಬೇಡ, ನೆತ್ತಿ ಹಣೆಗಿಂತ ಬೇರೆ ಬಣ್ಣ. ಬಿಸಿಲು ಬೀಳದ ಕಡೆ, ಕಿವಿಯ ಹಿಂದಿನ ಚರ್ಮಕ್ಕೆ ಹೊಂದಿಸಿ ನೋಡಿ. ಪೌಡರನ್ನು ಸಣ್ಣ ಬ್ರಶ್‌ನಲ್ಲಿ ಬೇಸಿನ ಒಳಗಿನಿಂದ ಹಚ್ಚಿದರೆ ಕೂದಲಿಗೆ ಮೆತ್ತುವುದಿಲ್ಲ.

ಬೈತಲೆಯಲ್ಲಿ ಕಪ್ಪು ಚುಕ್ಕಿಗಳು ಕಂಡರೆ ಅವು ಗಂಟುಗಳು. ಲೇಸಿಗೆ ಪ್ರತಿ ಎಳೆಯನ್ನೂ ಕೈಯಲ್ಲಿ ಗಂಟು ಹಾಕಿ ಕೂರಿಸಿರುತ್ತಾರೆ. ಕಪ್ಪು ಕೂದಲಿನ ಗಂಟು ಕಪ್ಪಾಗೇ ಕಾಣುತ್ತದೆ. ಮೊದಲು ಪೌಡರ್ ಹಚ್ಚಿ ನೋಡಿ, ಹೆಚ್ಚಿನ ಸಲ ಅಷ್ಟೇ ಸಾಕು. ಅಸಲಿ ಕೂದಲಾದರೆ ಗಂಟನ್ನು ಬ್ಲೀಚ್ ಮಾಡಬಹುದು. ಆದರೆ ಬ್ಲೀಚ್ ಸ್ವಲ್ಪ ನೀರಾದರೂ ಜಾಲರಿ ದಾಟಿ ಬುಡದ ಕೂದಲನ್ನು ಕೆಂಚಾಗಿಸುತ್ತದೆ, ಜಾಸ್ತಿ ಹೊತ್ತು ಬಿಟ್ಟರೆ ಗಂಟೇ ಸಡಿಲವಾಗಿ ಕೂದಲು ಉದುರುತ್ತದೆ. ಮನೆಯಲ್ಲಿ ಮಾಡುವ ಕೆಲಸ ಇದಲ್ಲ. ಪ್ಲಾಸ್ಟಿಕ್‌ನಂಥ ತೆಳು ಪಿಯು ಬೇಸ್ ಇದ್ದರೆ ಬ್ಲೀಚ್ ತಾಗಲೇಬಾರದು.

ಬಣ್ಣ ಸರಿ ಇದ್ದೂ ಬೈತಲೆ ನಕಲಿ ಅನಿಸಿದರೆ ಗೆರೆ ನೋಡಿ. ಸ್ಕೇಲ್ ಇಟ್ಟು ಎಳೆದಷ್ಟು ನೇರವಾದ ಬೈತಲೆ ಯಾರ ತಲೆಯಲ್ಲೂ ಇಡೀ ದಿನ ನಿಲ್ಲುವುದಿಲ್ಲ. ಬಾಚಣಿಗೆಯ ಹಿಡಿಯ ತುದಿಯಿಂದ ಗೆರೆಯನ್ನು ಅಲ್ಲಲ್ಲಿ ಒಂದೆರಡು ಎಳೆಯಷ್ಟು ಆಚೀಚೆ ಮಾಡಿ. ಹಿಂದಕ್ಕೆ ಹೋದಂತೆ ಬೈತಲೆ ಸುಳಿಯ ಹತ್ತಿರ ಕರಗಿಹೋಗಬೇಕು, ತಟ್ಟನೆ ನಿಲ್ಲಬಾರದು. ಹಾಗೆ ನಿಂತರೆ ಬೇಸಿನ ಅಂಚು ಅಲ್ಲಿದೆ ಅಂತ ಅರ್ಥ. ಹಿಂದಿನ ಕೂದಲನ್ನು ಸ್ವಲ್ಪ ಅಡ್ಡ ಬಾಚಿ ಮುಚ್ಚಿ.

ಚಿಮಟ ಹಿಡಿದು ಬೈತಲೆಯ ಕೂದಲು ಕೀಳುವುದನ್ನು ವಿಡಿಯೊಗಳಲ್ಲಿ ತೋರಿಸುತ್ತಾರೆ. ಕೆಲಸ ಮಾಡುತ್ತದೆ, ಆದರೆ ಒಂದು ಕಡೆ ನಾಲ್ಕು ಎಳೆ ಕಿತ್ತು, ಎದ್ದು, ದೂರದಿಂದ ನೋಡಿ, ಆಮೇಲೆ ಮುಂದಿನದು. ಕೂತಲ್ಲೇ ಒಂದೇ ಜಾಗದಲ್ಲಿ ಕೀಳುತ್ತಾ ಹೋದರೆ ಅಲ್ಲಿ ಬೋಳು ಬೀಳುತ್ತದೆ.

ಬೈತಲೆಗೆ ಕುಂಕುಮ ಇಡುವವರಿಗೆ ಒಂದು ಮಾತು. ಒಣ ಕುಂಕುಮ ಜಾಲರಿಯೊಳಗೆ ಇಳಿದರೆ ಪೂರ್ತಿ ಹೋಗುವುದಿಲ್ಲ, ಒಂದೆರಡು ತೊಳೆತದಲ್ಲಿ ಇಡೀ ಬೈತಲೆ ನಸುಗೆಂಪಾಗುತ್ತದೆ. ಟಾಪರ್ ಹಾಕುವವರು ಅದನ್ನು ನಿಮ್ಮ ಕೂದಲಂಚಿನಿಂದ ಒಂದೂವರೆ ಸೆಂ.ಮೀ. ಹಿಂದೆ ಕೂರಿಸಿ. ಕುಂಕುಮ ನಿಮ್ಮದೇ ಚರ್ಮದ ಮೇಲೆ ಬೀಳುತ್ತದೆ.

ಹಣೆಯಂಚು

ಟಾಪರ್‌ನವರಿಗೆ ಆ ಒಂದೂವರೆ ಸೆಂ.ಮೀ. ಇನ್ನೊಂದು ಕಾರಣಕ್ಕೂ ಬೇಕು. ನಿಮ್ಮ ಸ್ವಂತ ಕೂದಲು ಮುಂದೆ ಕಂಡರೆ ನೋಡುವವರ ಕಣ್ಣು ಅಲ್ಲೇ ನಂಬುತ್ತದೆ. ಪೀಸನ್ನು ಹಣೆಯವರೆಗೂ ಎಳೆದು ಕೂರಿಸಿದ್ದರೆ, ಏನನ್ನೂ ಕತ್ತರಿಸದೆ ಹಿಂದೆ ಸರಿಸಿ ನೋಡಿ. ದೋಷ ಅರ್ಧಕ್ಕರ್ಧ ಅಲ್ಲೇ ಮುಗಿಯಬಹುದು.

ಪೂರ್ತಿ ವಿಗ್ಗಿನವರು ಹುಬ್ಬಿನ ಮೇಲೆ ನಾಲ್ಕು ಬೆರಳು ಅಡ್ಡ ಇಟ್ಟು ನೋಡಿ. ವಿಗ್ಗಿನ ಅಂಚು ಸುಮಾರಾಗಿ ಅದರ ಮೇಲಿರಬೇಕು. ಜಾರೀತು ಅನ್ನುವ ಭಯಕ್ಕೆ ಎಲ್ಲರೂ ಕೆಳಗೆ ಎಳೆದುಕೊಳ್ಳುತ್ತಾರೆ. ವಿಗ್ಗಿನಲ್ಲಿ ಕಿವಿಯ ಮುಂದೆ ಬರುವ ನಾಲಿಗೆಯಂಥ ಎರಡು ಸಣ್ಣ ತುಂಡುಗಳು ಒಂದೇ ಮಟ್ಟದಲ್ಲಿ, ಕಣತಲೆಗೆ ಅಂಟಿದ ಹಾಗೆ ಇದ್ದರೆ ವಿಗ್ ನೆಟ್ಟಗಿದೆ. ಒಂದು ಮೇಲೆ ಒಂದು ಕೆಳಗೆ ಇದ್ದರೆ ವಿಗ್ ತಿರುಗಿದೆ, ಬೈತಲೆ ಮೂಗಿನ ನೇರಕ್ಕಿಲ್ಲ ಅನಿಸುವುದೂ ಅದಕ್ಕೇ. ಅಂಚು ಗೋಡೆಯಂತೆ ದಟ್ಟವಾಗಿದ್ದರೆ ಅತಿ ಮುಂದಿನ ಸಾಲಿನಿಂದ ಅಲ್ಲಲ್ಲಿ ಕೆಲವು ಎಳೆ ತೆಗೆಸಿ, ನಾಲ್ಕಾರು ಎಳೆಯನ್ನು ಮುಂಗುರುಳಿನಷ್ಟು ಗಿಡ್ಡ ಮಾಡಿಸಬಹುದು. ಮುಂಗುರುಳು ತೀರಾ ಜಾಸ್ತಿಯಾದರೆ ಅದೇ ವಿಗ್ಗನ್ನು ಸಾರಿ ಹೇಳುತ್ತದೆ.

ಬಣ್ಣ ಮತ್ತು ಹೊಳಪು

ಕಪ್ಪಿಗೆ ಕಪ್ಪು ಕೊಂಡರೂ ಹೊಂದುವುದಿಲ್ಲ, ಯಾಕೆ? ನಮ್ಮ ಕೂದಲು ಬಿಸಿಲಿನಲ್ಲಿ ಕಂದು ಛಾಯೆ ಕೊಡುತ್ತದೆ. ಶೇಡ್ ಕಾರ್ಡಿನಲ್ಲಿ 1 ಅಂದರೆ ಇದ್ದಿಲು ಕಪ್ಪು, ಬಿಸಿಲಿನಲ್ಲಿ ನೀಲಿ ಹೊಡೆಯುತ್ತದೆ. ನಮ್ಮಲ್ಲಿ ಹೆಚ್ಚಿನವರಿಗೆ ಹೊಂದುವುದು 1ಬಿ (ಅದಕ್ಕಿಂತ ಮೆದು ಕಪ್ಪು) ಅಥವಾ 2 (ಕಡು ಕಂದು). ಶೇಡ್ ನೋಡುವಾಗ ನಿಮ್ಮ ಕೂದಲಿನ ಬುಡಕ್ಕೆ ಹೊಂದಿಸಬೇಡಿ, ನಡು ಮತ್ತು ತುದಿಗೆ ಹೊಂದಿಸಿ. ಎರಡು ಕೂದಲೂ ಬೆರೆಯುವುದು ಅಲ್ಲೇ. ಮೆಹೆಂದಿ ಹಚ್ಚುವವರಿಗೆ ಇದು ಇನ್ನೂ ಮುಖ್ಯ, ತುದಿಯಲ್ಲಿ ಕೆಂಪು ಜಾಸ್ತಿ ಕೂತಿರುತ್ತದೆ.

ಅಸಲಿ ಕೂದಲನ್ನು ಗಾಢ ಮಾಡಬಹುದು, ತಿಳಿ ಮಾಡಲು ಹೋಗಬೇಡಿ. ತಯಾರಿಕೆಯಲ್ಲೇ ಒಂದು ಸಲ ರಾಸಾಯನಿಕ ಕಂಡ ಕೂದಲು ಅದು. ಅದೇ ಕಾರಣಕ್ಕೆ ಡೈಯನ್ನು ಬೇಗ ಹೀರುತ್ತದೆ. ನಿಮ್ಮ ತಲೆಗೆ ಹಾಕುವ ಡೈಯನ್ನೇ ಅಷ್ಟೇ ಹೊತ್ತು ಬಿಟ್ಟರೆ ಪೀಸು ಒಂದು ಶೇಡ್ ಕಪ್ಪಾಗಬಹುದು. ಒಳಗಿನ ಎಳೆಯಲ್ಲಿ ಪ್ರಯತ್ನಿಸಿ ನೋಡಿ. ಸಿಂಥೆಟಿಕ್‌ಗೆ ತಲೆಯ ಡೈ ಹಿಡಿಯುವುದೇ ಇಲ್ಲ.

ಹೊಳಪು ಜಾಸ್ತಿಯಾದರೆ ತಣ್ಣೀರಲ್ಲಿ ಸ್ವಲ್ಪ ಶಾಂಪೂ ಹಾಕಿ ತೊಳೆದು, ಪೂರ್ತಿ ಆರಿದ ಮೇಲೆ ಡ್ರೈ ಶಾಂಪೂ ಅಥವಾ ಚಿಟಿಕೆ ಟಾಲ್ಕಂ ಪೌಡರ್ ಉದುರಿಸಿ ಕೊಡವಿ.

ಎರಡು ಕೂದಲ ನಡುವೆ ಮೆಟ್ಟಿಲು

ನಿಮ್ಮ ಕೂದಲು ಒಂದು ಕಡೆ ಮುಗಿದು ಪೀಸಿನ ಕೂದಲು ಇನ್ನೊಂದು ಕಡೆ ಮುಗಿದರೆ ಮೆಟ್ಟಿಲು ಕಾಣುತ್ತದೆ. ಈ ದೋಷಕ್ಕೆ ಮಾತ್ರ ಕತ್ತರಿಯೇ ಬೇಕು. ಪೀಸನ್ನು ತಲೆಯ ಮೇಲೆ ಹಾಕಿಸಿ, ಕೂದಲು ಒಣಗಿದ್ದಾಗ, ಎರಡನ್ನೂ ಸೇರಿಸಿ ಹಿಡಿದು, ಕತ್ತರಿಯನ್ನು ಅಡ್ಡ ಹಿಡಿಯದೆ ನೆಟ್ಟಗೆ ಹಿಡಿದು ತುದಿಗಳನ್ನು ಕಚ್ಚಿಕಚ್ಚಿ ಕತ್ತರಿಸಬೇಕು. ಗಂಡಸರ ಹೇರ್ ಪ್ಯಾಚ್‌ನಲ್ಲಿ ಮೂರ್ನಾಲ್ಕು ವಾರಕ್ಕೆ ಆಕಾರ ಕೆಡುವುದು ಪ್ಯಾಚಿನ ದೋಷ ಅಲ್ಲ. ಪಕ್ಕದ ಸ್ವಂತ ಕೂದಲು ಬೆಳೆದಿದೆ, ಮೇಲಿನದು ಬೆಳೆದಿಲ್ಲ. ಸಲೂನಿನಲ್ಲಿ ಪಕ್ಕ ಮಾತ್ರ ಕತ್ತರಿಸಿ ಅಂತ ಹೇಳಿ.

ಜಾರುತ್ತದೆ, ಅಂಚು ಏಳುತ್ತದೆ

ಎಲ್ಲಿ ಏಳುತ್ತದೆ ಅನ್ನುವುದನ್ನು ನೋಡಿ. ಸುತ್ತಲೂ ಸಡಿಲವಾದರೆ ಸೈಜ್. ಕ್ಲಿಪ್ ಇರುವಲ್ಲೇ ಜಾರಿದರೆ ಅಲ್ಲಿ ಹಿಡಿಯೋಕೆ ಸಾಕಷ್ಟು ಕೂದಲಿಲ್ಲ, ಕ್ಲಿಪ್ಪನ್ನು ಬಿಚ್ಚಿ ದಟ್ಟ ಕೂದಲಿರುವ ಕಡೆ ಹೊಲಿಸಿ. ದಿನವೂ ಒಂದೇ ಜಾಗದಲ್ಲಿ ಬಿಗಿ ಕ್ಲಿಪ್ ಹಾಕಿದರೆ ಎಳೆತಕ್ಕೆ ಅಲ್ಲಿನ ಕೂದಲೂ ಉದುರುತ್ತದೆ. ಆಗಾಗ ಜಾಗ ಬದಲಿಸಿ.

ಅಂಟುವ ಟೇಪ್ ಹಾಕಿದ ಮುಂದಿನ ಅಂಚು ಮಾತ್ರ ಎದ್ದರೆ ಎಣ್ಣೆ ಅಥವಾ ಬೆವರು. ಅಂಟಿಗೆ ಎಣ್ಣೆಯೇ ಶತ್ರು. ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿದ್ದರೆ ಬೆಳಿಗ್ಗೆ ಸೋಪಿನಲ್ಲಿ ತೊಳೆದರೂ ಸ್ವಲ್ಪ ಉಳಿದಿರುತ್ತದೆ. ಸ್ಪಿರಿಟ್‌ನಲ್ಲಿ ಚರ್ಮ ಒರೆಸಿ, ಪೂರ್ತಿ ಆರಲು ಬಿಟ್ಟು, ಆಮೇಲೆ ಟೇಪ್ ಒತ್ತಿ. ಹೊಸ ಟೇಪ್ ಅಥವಾ ಗಮ್ ತಂದಾಗ ಮೊದಲು ಮುಂಗೈಯ ಒಳಭಾಗಕ್ಕೆ ಹಚ್ಚಿ 24 ಗಂಟೆ ಬಿಟ್ಟು ನೋಡಿ. ಕೆಂಪಾಗಿ ತುರಿಸಿದರೆ ತಲೆಗೆ ಬೇಡ. ಮಂಗಳೂರು, ಉಡುಪಿ, ಕಾರವಾರದ ಸೆಕೆಗೆ ಪಿಯು ಬೇಸಿಗಿಂತ ಗಾಳಿಯಾಡುವ ಲೇಸ್ ಬೇಸೇ ಮೇಲು. ಪಿಯು ಕೆಳಗೆ ಬೆವರು ನಿಂತು ಟೇಪ್ ಬಿಡುತ್ತದೆ.

ಜಡೆ ಹಾಕಿ ಹೂ ಮುಡಿದಾಗ

ಜಡೆಗೆ ಚೌರಿ ಸೇರಿಸಿದಾಗ ಕೂಡಿಸಿದ ಜಾಗ ಉಬ್ಬಿ ಕಂಡರೆ, ಮೇಲಿನಿಂದಲೇ ಕಟ್ಟಿದ್ದೀರಿ ಅಂತ ಅರ್ಥ. ನಿಮ್ಮ ಜಡೆಯನ್ನು ಮೂರು ನಾಲ್ಕು ಹೆಣಿಗೆ ಹಾಕಿ, ಆಮೇಲೆ ಚೌರಿಯ ಮೂರು ಕಾಲುಗಳನ್ನು ಒಂದೊಂದು ಎಳೆಯ ಜೊತೆ ಸೇರಿಸಿ. ಚೌರಿಯ ತುದಿ ಒಂದೇ ದಪ್ಪವಿರುತ್ತದೆ, ನಿಜವಾದ ಜಡೆ ಕೆಳಗೆ ಸಣ್ಣಗಾಗುತ್ತದೆ. ತುದಿಯನ್ನು ತೆಳು ಮಾಡಿಸಿ.

ಮಲ್ಲಿಗೆ ದಂಡೆಯನ್ನು ಟಾಪರ್‌ಗೆ ಪಿನ್ ಮಾಡಬೇಡಿ. ಭಾರಕ್ಕೆ ಪೀಸು ಹಿಂದೆ ಸರಿದು ಬೈತಲೆ ಬಾಯಿಬಿಡುತ್ತದೆ. ಕೆಳಗಿನ ಸ್ವಂತ ಕೂದಲಿಗೆ ಪಿನ್ ಸಿಗಿಸಿ.

ಹೆಡತಲೆಯಲ್ಲಿ ಸಿಕ್ಕು

ತಂದಾಗ ರೇಷ್ಮೆಯಂತಿತ್ತು, ನಾಲ್ಕು ಸಲ ತೊಳೆದ ಮೇಲೆ ಸಿಕ್ಕುಸಿಕ್ಕು. ಇದಕ್ಕೆ ಕಾರಣ ಕೂದಲು ಬಂದ ದಾರಿಯಲ್ಲಿದೆ. ಕೂದಲಿನ ಮೇಲ್ಮೈಯಲ್ಲಿ ಬುಡದಿಂದ ತುದಿಯ ಕಡೆಗೆ ಹೊದಿಸಿದ ಸಣ್ಣ ಹುರುಪೆಗಳಿರುತ್ತವೆ. ತಿರುಪತಿಯಲ್ಲಿ ಮುಡಿ ಕೊಟ್ಟ ಕೂದಲನ್ನು ದೇವಸ್ಥಾನ ಹರಾಜು ಹಾಕುತ್ತದೆ. ಅದರಲ್ಲಿ ಉದ್ದ ಮುಡಿಯನ್ನು ಬುಡ-ತುದಿ ಅದಲುಬದಲಾಗದ ಹಾಗೆ ಕಟ್ಟಿಡಬಹುದು. ಹಾಗೆ ಇಟ್ಟದ್ದಕ್ಕೆ ರೆಮಿ ಅನ್ನುತ್ತಾರೆ. ಬಾಚಣಿಗೆಯಲ್ಲಿ ಉದುರಿದ ಕೂದಲನ್ನು ಪಾತ್ರೆ, ಪಿನ್ನು ಕೊಟ್ಟು ಬೀದಿಬೀದಿಯಲ್ಲಿ ಕೊಳ್ಳುತ್ತಾರಲ್ಲ, ಅದರಲ್ಲಿ ಬುಡ-ತುದಿ ಬೆರೆತಿರುತ್ತದೆ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಅಂಥ ಕೂದಲನ್ನು ಬಿಡಿಸಿ, ಉದ್ದಕ್ಕೆ ತಕ್ಕಂತೆ ವಿಂಗಡಿಸುವ ಕೆಲಸ ದೊಡ್ಡದಾಗಿ ನಡೆಯುತ್ತದೆ. ಹೆಂಗಸರು ಎಳೆಎಳೆಯಾಗಿ ಬಿಡಿಸುವ ಆ ಕೈಕೆಲಸಕ್ಕೆ ನನಗೆ ತುಂಬಾ ಗೌರವ. ಆದರೆ ಬುಡ-ತುದಿ ಬೆರೆತ ಮಾಲು ಸಿಕ್ಕಾಗದಿರಲಿ ಅಂತ ತಯಾರಕರು ಆ್ಯಸಿಡ್‌ನಲ್ಲಿ ಹುರುಪೆ ತೆಗೆದು ಸಿಲಿಕೋನ್ ಲೇಪಿಸುವುದುಂಟು. ಲೇಪ ತೊಳೆದುಹೋದ ಮೇಲೆ ನಿಜ ಗುಣ ಬಯಲಾಗುತ್ತದೆ.

ಪರೀಕ್ಷೆ ಸುಲಭ. ಒಂದು ಎಳೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉದ್ದಕ್ಕೆ ಹಿಡಿದು ಬೆರಳುಗಳನ್ನು ಹಿಂದೆ ಮುಂದೆ ಉಜ್ಜಿ. ಹುರುಪೆ ಇರುವ ಕೂದಲು ಬುಡದ ಕಡೆಗೆ ಜರುಗುತ್ತದೆ. ಹಲವು ಎಳೆಗಳು ಒಂದೇ ಕಡೆ ಜರುಗಿದರೆ ರೆಮಿ. ಅದರಲ್ಲಿ ಸಿಕ್ಕಾದರೆ ರವಿಕೆ, ಕಾಲರ್ ಉಜ್ಜುವುದರಿಂದ. ಕಂಡಿಷನರ್ ಹಚ್ಚಿ, ಬುಡ ಗಟ್ಟಿಯಾಗಿ ಹಿಡಿದು, ಅಗಲ ಹಲ್ಲಿನ ಹಣಿಗೆಯಲ್ಲಿ ತುದಿಯಿಂದ ಮೇಲಕ್ಕೆ ಬಿಡಿಸುತ್ತಾ ಬನ್ನಿ. ಒಂದೊಂದು ಒಂದೊಂದು ಕಡೆ ಜರುಗಿದರೆ, ಅಥವಾ ಜರುಗದೇ ಇದ್ದರೆ, ಎಷ್ಟು ಕಂಡಿಷನರ್ ಹಾಕಿದರೂ ತಾತ್ಕಾಲಿಕ. ಅಂಥದ್ದನ್ನು ಗಿಡ್ಡ ಮಾಡಿಸಿಬಿಡಿ, ಭುಜಕ್ಕೆ ತಾಗದಷ್ಟು. ಸಿಕ್ಕು ಬಹಳ ಕಡಿಮೆಯಾಗುತ್ತದೆ.

ಯಾವಾಗ ವಾಪಸ್, ಯಾವಾಗ ರಿಪೇರಿ

ಬಣ್ಣ ಎರಡು ಶೇಡ್‌ಗಿಂತ ಜಾಸ್ತಿ ತಪ್ಪಿದ್ದರೆ, ಕ್ಯಾಪ್ ಪಟ್ಟಿ ಬಿಗಿದ ಮೇಲೂ ತಿರುಗುತ್ತಿದ್ದರೆ, ರೆಮಿ ಅಂತ ಕೊಟ್ಟದ್ದು ಬೆರಳಿನ ಪರೀಕ್ಷೆಯಲ್ಲಿ ಸೋತರೆ ಅಂಗಡಿಗೆ ವಾಪಸ್ ಕೊಡಿ. ಕತ್ತರಿ, ಡೈ ಮುಟ್ಟಿಸಿದ ಪೀಸನ್ನು ಸಾಮಾನ್ಯವಾಗಿ ವಾಪಸ್ ತೆಗೆದುಕೊಳ್ಳುವುದಿಲ್ಲ. ಜಾಲರಿಯಲ್ಲಿ ಸಣ್ಣ ತೂತು ಬಿದ್ದರೆ, ಒಂದು ಕಡೆ ಕೂದಲು ಉದುರಿದರೆ ಹೊಸದು ಕೊಳ್ಳಬೇಕಿಲ್ಲ. ಅದೇ ಬಣ್ಣದ ಕೂದಲನ್ನು ಮತ್ತೆ ಗಂಟು ಹಾಕಿ ಕೂರಿಸುವವರಿದ್ದಾರೆ. ಅವರ ಕೈಗೆ ತಲುಪುವ ತನಕ ತೂತನ್ನು ಸೂಜಿ ದಾರದಲ್ಲಿ ಎಳೆದು ಹೊಲಿಯಬೇಡಿ, ಫೆವಿಕ್ವಿಕ್ ಹಾಕಬೇಡಿ. ಜಾಲರಿ ಸುಕ್ಕುಗಟ್ಟಿದರೆ ಗಂಟು ಕೂರಿಸಲು ಜಾಗ ಇರುವುದಿಲ್ಲ.